ಹೊರಗಿನವರಿಗೆ ಇಟ್ಟ ಹೆಸರುಗಳು

ಅಮೆರಿಕಕ್ಕೆ ಓದಲು ಹೋದ ಮೊದಲ ವರ್ಷ, ಮಾರ್ಚ್ ತಿಂಗಳು. ಕಿಟಕಿಯಾಚೆ ಹಿಮ ಇನ್ನೂ ಕರಗಿರಲಿಲ್ಲ. ಲೈಬ್ರರಿಯ ಒಂದು ಮೂಲೆಯಲ್ಲಿ ತೆರಿಗೆಯ ಫಾರಂ ಮುಂದಿಟ್ಟುಕೊಂಡು ಕೂತಿದ್ದೆ. ಫಾರಂನ ಸಂಖ್ಯೆ 1040-ಎನ್‌ಆರ್. ಮೇಲ್ಗಡೆ ‘ನಾನ್‌ರೆಸಿಡೆಂಟ್ ಏಲಿಯನ್’ ಎಂದು ಅಚ್ಚಾಗಿತ್ತು. ಅಂದರೆ ನಾನು. ಏಲಿಯನ್ ಅನ್ನುವ ಪದ ನನಗೆ ಗೊತ್ತಿದ್ದದ್ದು ಸಿನಿಮಾದಿಂದ. ಹಸಿರು ಮೈ, ದೊಡ್ಡ ಕಣ್ಣು, ತಟ್ಟೆಯಂಥ ವಾಹನ. ಪೆನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಊರು ಬಿಟ್ಟು ಏಳು ತಿಂಗಳಾಗಿತ್ತು. ಆವತ್ತಿನವರೆಗೆ ಬರದ ಅಳು ಆ ಒಂದು ಪದಕ್ಕೆ ಬಂತು.

ಆಮೇಲೆ ಎದ್ದು ಹೋಗಿ ನಿಘಂಟು ತಂದೆ. ಫಾರಂ ತುಂಬಿದ್ದು ಮರುದಿನ.

ಏಲಿಯನ್ ಬಂದಿರುವುದು ಲ್ಯಾಟಿನ್ನಿನ ಅಲಿಯೇನುಸ್ ಎಂಬ ಪದದಿಂದ. ಅದರ ಅರ್ಥ ‘ಇನ್ನೊಬ್ಬರಿಗೆ ಸೇರಿದ’. ಅಷ್ಟೇ. ಪಕ್ಕದವನ ಹೊಲ ಅಲಿಯೇನುಸ್, ಪಕ್ಕದವನ ಎತ್ತು ಅಲಿಯೇನುಸ್. ರೋಮನ್ನರು ಸಾಲಕ್ಕೆ ‘ಇನ್ನೊಬ್ಬರ ತಾಮ್ರ’ ಅನ್ನುತ್ತಿದ್ದರು. ಅದರಲ್ಲೂ ಇದೇ ಪದ ಇದೆ. ನನ್ನ ಕೈಯಲ್ಲಿದೆ, ಆದರೆ ನನ್ನದಲ್ಲ. ಪೊಲೀಸರ ಬಾಯಲ್ಲಿ ಕೇಳುವ ‘ಅಲಿಯಾಸ್’ ಕೂಡ ಈ ಮನೆತನದ್ದೇ.

ಇದನ್ನು ಓದುವಾಗ ನನಗೆ ನೆನಪಾದದ್ದು ಅಜ್ಜಿ. ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿಗೆ ಹೊಸಬರು ಯಾರೇ ಬರಲಿ, ಅಜ್ಜಿ ಜಗಲಿಯಿಂದ ಕೇಳುತ್ತಿದ್ದ ಮೊದಲ ಮಾತು ‘ನೀವು ಯಾರ ಪೈಕಿ?’ ಅಂತ. ಹೆಸರು ಕೇಳುತ್ತಿರಲಿಲ್ಲ. ಬಂದ ಕೆಲಸ ಕೇಳುತ್ತಿರಲಿಲ್ಲ. ಮೊದಲು ಯಾರಿಗೆ ಸೇರಿದವರು ಅನ್ನುವುದು ಗೊತ್ತಾಗಬೇಕು. ಅಲಿಯೇನುಸ್ ಅನ್ನುವುದು ಆ ಪ್ರಶ್ನೆಗೆ ಸಿಗಬಹುದಾದ ಒಂದು ಉತ್ತರ. ‘ನಮ್ಮ ಪೈಕಿ ಅಲ್ಲ, ಬೇರೆಯವರ ಪೈಕಿ.’ ಬೇರೆಯವರ ಪೈಕಿ ಆದರೂ ಯಾರದೋ ಪೈಕಿ ತಾನೇ. ಆ ಮನುಷ್ಯನಿಗೂ ಒಂದು ಮನೆ ಇದೆ ಅನ್ನುವ ಒಪ್ಪಿಗೆ ಆ ಪದದಲ್ಲಿದೆ. ಅವತ್ತು ಆ ತಣ್ಣನೆ ಲೈಬ್ರರಿಯಲ್ಲಿ ನನಗೆ ಇದರಿಂದ ನಿಜವಾಗಿ ಸಮಾಧಾನ ಆಯಿತು.

ಪದ ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. 1798ರಲ್ಲಿ ಅಮೆರಿಕ ಹೊರಗಿನವರನ್ನು ಗಡೀಪಾರು ಮಾಡುವ ಕಾನೂನುಗಳನ್ನು ತಂದಾಗ ಅವುಗಳ ಹೆಸರಿನಲ್ಲೇ ಏಲಿಯನ್ ಇತ್ತು. 1905ರಲ್ಲಿ ಬ್ರಿಟನ್ ಏಲಿಯನ್ಸ್ ಆ್ಯಕ್ಟ್ ತಂದಿತು. ಅದು ಮುಖ್ಯವಾಗಿ ರಷ್ಯಾ ಸಾಮ್ರಾಜ್ಯದ ಹಿಂಸೆಯಿಂದ ಓಡಿ ಬರುತ್ತಿದ್ದ ಬಡ ಯಹೂದಿಗಳನ್ನು ತಡೆಯುವುದಕ್ಕೆ. ಬೇರೆ ಗ್ರಹದ ಜೀವಿ ಅನ್ನುವ ಅರ್ಥ ಪದಕ್ಕೆ ಗಟ್ಟಿಯಾಗಿ ಅಂಟಿದ್ದು 20ನೇ ಶತಮಾನದಲ್ಲಿ, ಅಂದರೆ ತೀರ ಈಚೆಗೆ. ಆದರೆ ಒಮ್ಮೆ ಅಂಟಿದ ಮೇಲೆ ಹಳೆಯ ಕಾನೂನಿನ ಪದದ ಮೇಲೂ ಅದರ ನೆರಳು ಬಿತ್ತು. 2021ರಲ್ಲಿ ಅಮೆರಿಕದ ವಲಸೆ ಇಲಾಖೆಗಳಿಗೆ ಈ ಪದ ಬಿಟ್ಟು ‘ನಾನ್‌ಸಿಟಿಜನ್’ ಎಂದು ಬಳಸಿ ಎಂಬ ಸೂಚನೆ ಹೋಯಿತು. ಅದೇ ವರ್ಷ ಕ್ಯಾಲಿಫೋರ್ನಿಯಾ ತನ್ನ ರಾಜ್ಯದ ಕಾನೂನುಗಳಿಂದ ಅದನ್ನು ತೆಗೆಯಿತು. ಬರೀ ಪದ ಬದಲಾದರೆ ಏನು ಬಂತು ಎಂದು ಕೇಳುವವರಿದ್ದಾರೆ. ಆ ಫಾರಂ ಮುಂದೆ ಕೂತವರಿಗೆ ಅದು ಬರೀ ಪದ ಅಲ್ಲ.

ಶಾಲೆಯಲ್ಲಿ ನಮಗೆ ಇಂಥ ಪದಗಳನ್ನು ‘ಗುಣವಾಚಕ’ ಎಂದು ಕಲಿಸಿದ್ದರು. ಗುಣವನ್ನು ಹೇಳುವ ಪದ. ನಿಘಂಟಿನ ಪುಟ ತಿರುವುತ್ತಾ ಹೋದಂತೆ ನನಗೆ ಒಂದು ವಿಷಯ ಮತ್ತೆ ಮತ್ತೆ ಕಂಡಿತು. ಇಂಗ್ಲಿಷಿನಲ್ಲಿ ಹೊರಗಿನವರಿಗೆ ಬಳಸುವ ಗುಣವಾಚಕಗಳಲ್ಲಿ ಹೆಚ್ಚಿನವು ಮೊದಲು ಗುಣವನ್ನು ಹೇಳುತ್ತಲೇ ಇರಲಿಲ್ಲ. ಜಾಗವನ್ನು ಹೇಳುತ್ತಿದ್ದವು. ಎಲ್ಲಿಂದ ಬಂದವನು ಅನ್ನುವುದನ್ನು ಹೇಳುತ್ತಿದ್ದ ಪದ, ದಿನ ಕಳೆದಂತೆ ಎಂಥವನು ಅನ್ನುವುದನ್ನು ಹೇಳತೊಡಗಿತು. ಈ ಜಾರುವಿಕೆಯನ್ನು ಕಂಡಂದಿನಿಂದ ನಾನು ಅದನ್ನು ಬಿಟ್ಟಿಲ್ಲ. ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎಡಗಡೆ ಪದ, ಬಲಗಡೆ ಅದರ ಹುಟ್ಟೂರು.

ನನಗೆ ಎಲ್ಲಕ್ಕಿಂತ ಹತ್ತಿರ ಅನ್ನಿಸಿದ್ದು ಫಾರಿನ್.

ಇದು ಹಳೆಯ ಫ್ರೆಂಚಿನ ಫೊರೇನ್ ಎಂಬ ಪದದಿಂದ ಬಂದದ್ದು. ಅದರ ಹಿಂದೆ ಲ್ಯಾಟಿನ್ನಿನ ಫೋರಿಸ್. ಫೋರಿಸ್ ಅಂದರೆ ‘ಹೊರಗೆ’, ಬಾಗಿಲಿನ ಆಚೆ. ಲ್ಯಾಟಿನ್ನಿನಲ್ಲಿ ಬಾಗಿಲಿಗೂ ಅದೇ ಮೂಲದ ಪದ. ಇಂಗ್ಲಿಷಿನ ಡೋರ್, ಸಂಸ್ಕೃತದ ದ್ವಾರ, ಇವೆಲ್ಲ ಒಂದೇ ಬೇರಿನ ಮಕ್ಕಳು. ಅಂದರೆ ಫಾರಿನ್ ಅನ್ನುವ ಪದದೊಳಗೆ ಸಮುದ್ರ ಇಲ್ಲ, ಗಡಿ ಇಲ್ಲ, ಪಾಸ್‌ಪೋರ್ಟ್ ಇಲ್ಲ. ಒಂದು ಬಾಗಿಲು ಇದೆ. ಯಾರೋ ಒಳಗಿದ್ದಾರೆ, ಯಾರೋ ಹೊರಗೆ ನಿಂತಿದ್ದಾರೆ. ಹಳೆಯ ಇಂಗ್ಲಿಷ್ ಬರಹಗಳಲ್ಲಿ ‘ಫಾರಿನ್ ಕೋಣೆ’ ಅಂದರೆ ಕಕ್ಕಸು. ನಮ್ಮಲ್ಲೂ ‘ಹೊರಕಡೆಗೆ ಹೋಗಿ ಬರ್ತೀನಿ’ ಅನ್ನುತ್ತಾರಲ್ಲ, ಅದೇ.

‘ಹೊರಗೆ’ ಅನ್ನುವ ಮಾತಿಗೆ ನಮ್ಮ ಮನೆಯಲ್ಲಿ ಇನ್ನೊಂದು ಅರ್ಥವೂ ಇತ್ತು. ತಿಂಗಳಲ್ಲಿ ಮೂರು ದಿನ ಅಮ್ಮ ‘ಹೊರಗಾಗುತ್ತಿದ್ದರು’. ಹಿತ್ತಿಲ ಕಡೆಯ ಜಗಲಿಯಲ್ಲಿ ಒಂದು ಚಾಪೆ, ಒಂದು ಚೊಂಬು, ಬೇರೆ ತಟ್ಟೆ. ಚಿಕ್ಕವಳಿದ್ದಾಗ ನಾನು ಹೊಸ್ತಿಲ ಈಚೆ ಕೂತು ಅವರ ಜೊತೆ ಮಾತಾಡುತ್ತಿದ್ದೆ. ಮುಟ್ಟಬಾರದು ಎಂದು ಗೊತ್ತಿತ್ತು. ಹನ್ನೆರಡು ದಾಟಿದ ಮೇಲೆ ಆ ಚಾಪೆಯಲ್ಲಿ ನಾನೂ ಕೂತೆ. ಅದೇ ಮನೆ, ಅದೇ ಜನ. ಆದರೆ ಅಡಿಗೆಮನೆಯ ಮಾತು ಅಲ್ಲಿಂದ ಬೇರೆ ಥರ ಕೇಳುತ್ತದೆ. ನೀರು ಬೇಕಾದರೆ ಕೂಗಬೇಕು, ಯಾರಾದರೂ ಬರುವವರೆಗೆ ಕಾಯಬೇಕು. ಹೊರಗಿನವಳಾಗುವುದಕ್ಕೆ ದೇಶ ದಾಟಬೇಕಿಲ್ಲ. ಒಂದು ಹೊಸ್ತಿಲು ಸಾಕು. ಫಾರಿನ್ ಪದದ ಬೇರು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ವಿಮಾನ ನಿಲ್ದಾಣ ಅಲ್ಲ, ಆ ಜಗಲಿ.

ಆ ಪದದ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಒಂದು ‘ಜಿ’ ಅಕ್ಷರ ಇದೆ. ಓದುವಾಗ ಬಾಯಿಗೆ ಬರುವುದಿಲ್ಲ. ಮೂಲದಲ್ಲಿ ಅದು ಇರಲೇ ಇಲ್ಲ. ‘ಆಳ್ವಿಕೆ’ ಎಂಬ ಅರ್ಥದ ರೇನ್ ಪದದಲ್ಲಿ ಮತ್ತು ‘ಸಾರ್ವಭೌಮ’ ಎಂಬ ಅರ್ಥದ ಸಾವರಿನ್ ಪದದಲ್ಲಿ ಆ ಅಕ್ಷರ ಇರುವುದನ್ನು ನೋಡಿ, ಬರೆಯುವವರು ಇದಕ್ಕೂ ಸೇರಿಸಿಬಿಟ್ಟರು. ಬಾಗಿಲಾಚೆ ನಿಂತವನ ಹೆಸರಿನೊಳಗೆ ಆಳುವವನ ಅಕ್ಷರ ಹೊಕ್ಕಿದ್ದು ಹೀಗೆ. ತಪ್ಪಿನಿಂದಲೇ ಆಗಿರಬಹುದು, ಆದರೂ ಅದನ್ನು ಬರೆಯುವಾಗಲೆಲ್ಲ ನನಗೆ ಅದು ಕಾಣುತ್ತದೆ.

ಕನ್ನಡಕ್ಕೆ ಬಂದ ಫಾರಿನ್ ಮಾತ್ರ ಬೇರೆಯೇ ದಾರಿ ಹಿಡಿಯಿತು. ನಮ್ಮಲ್ಲಿ ಅದು ಒಂದು ಜಾಗದ ಹೆಸರು. ‘ಮಗ ಫಾರಿನ್‌ನಲ್ಲಿದ್ದಾನೆ.’ ಯಾವ ದೇಶ ಅಂತ ಕೇಳಬೇಕಾಗಿಲ್ಲ. ನಾನು ಚಿಕ್ಕವಳಿದ್ದಾಗ ಫಾರಿನ್ ಸೀರೆ, ಫಾರಿನ್ ಸೋಪು, ಫಾರಿನ್ ವಾಚು ಅಂದರೆ ಆಸೆಯ ವಸ್ತುಗಳು. ಸೋಪು ಖಾಲಿಯಾದ ಮೇಲೂ ಅದರ ಕಾಗದವನ್ನು ಬೀರುವಿನಲ್ಲಿ ಬಟ್ಟೆಗಳ ಮಧ್ಯೆ ಇಡುತ್ತಿದ್ದರು.

ಸ್ಟ್ರೇಂಜ್ ಕೂಡ ಹೊರಗಿನದೇ. ಲ್ಯಾಟಿನ್ನಿನ ಎಕ್ಸ್‌ಟ್ರಾನೇಯುಸ್, ‘ಹೊರಗಡೆಯ’. ಫ್ರೆಂಚರ ಮೂಲಕ ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂತು. ಫ್ರೆಂಚಿನಲ್ಲಿ ಈಗಲೂ ಹೊರದೇಶದವನಿಗೆ ಎತ್ರಾಂಜೇ, ವಿಚಿತ್ರವಾದದ್ದಕ್ಕೆ ಎತ್ರಾಂಜ್. ಅಕ್ಕ ತಂಗಿಯರಂತೆ ಎರಡೂ ಪಕ್ಕಪಕ್ಕ ಬದುಕಿವೆ. ಇಂಗ್ಲಿಷಿನಲ್ಲಿ ‘ವಿಚಿತ್ರ’ ಅನ್ನುವ ಅರ್ಥ ಬೆಳೆದು ‘ಹೊರಗಿನ’ ಅನ್ನುವ ಅರ್ಥವನ್ನು ನುಂಗಿತು. ವಿಚಿತ್ರ ಅನ್ನುವ ನಮ್ಮ ಪದಕ್ಕೂ ಸಂಸ್ಕೃತದಲ್ಲಿ ಮೊದಲಿದ್ದ ಅರ್ಥ ‘ಬಗೆಬಗೆ ಬಣ್ಣದ’ ಅಂತ. ಎಷ್ಟು ಚೆಂದದ ಅರ್ಥ, ಅಲ್ವಾ.

ಔಟ್‌ಲ್ಯಾಂಡಿಶ್ ಅನ್ನು ಒಡೆದು ನೋಡಿದರೆ ಕನ್ನಡದ ಪದವೇ ಸಿಗುತ್ತದೆ. ಔಟ್ ಅಂದರೆ ಹೊರ, ಲ್ಯಾಂಡ್ ಅಂದರೆ ನಾಡು. ಹೊರನಾಡಿನ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಅದಕ್ಕಿದ್ದ ಅರ್ಥ ಇಷ್ಟೇ. 1611ರ ಇಂಗ್ಲಿಷ್ ಬೈಬಲಿನಲ್ಲಿ ದೊರೆ ಸೊಲೊಮೋನನ ಹೊರದೇಶದ ಹೆಂಡತಿಯರನ್ನು ‘ಔಟ್‌ಲ್ಯಾಂಡಿಶ್ ಹೆಂಗಸರು’ ಎಂದಿದೆ. ಇವತ್ತಿನ ಓದುಗರು ಅದನ್ನು ಓದಿದರೆ ಆ ಹೆಂಗಸರು ಏನೋ ಚಿತ್ರವಿಚಿತ್ರ ಬಟ್ಟೆ ಹಾಕಿದ್ದರು ಎಂದುಕೊಳ್ಳುತ್ತಾರೆ. ಅವರು ಬೇರೆ ನಾಡಿನವರು, ಅಷ್ಟೇ. ಜರ್ಮನ್ನಿನಲ್ಲಿ ಅದರ ಜೋಡಿ ಪದ ಇನ್ನೂ ‘ವಿದೇಶದ’ ಎಂಬ ಅರ್ಥದಲ್ಲೇ ಉಳಿದಿದೆ. ಕನ್ನಡದಲ್ಲಿ ‘ಹೊರನಾಡ ಕನ್ನಡಿಗರು’ ಎಂದಾಗ ಒಂದು ಪ್ರೀತಿಯೂ ಇರುತ್ತದೆ. ಪದದ ಕಟ್ಟು ಒಂದೇ, ಹಣೆಬರಹ ಬೇರೆ.

ಹಾಗಂತ ಕನ್ನಡ ಈ ವಿಷಯದಲ್ಲಿ ತುಂಬಾ ದೊಡ್ಡ ಮನಸ್ಸಿನದು ಎಂದು ನಾನು ಹೇಳಲಾರೆ. ಪರದೇಶಿ ಪದ ನೋಡಿ. ಬೇರೆ ದೇಶದವನು ಅನ್ನುವುದು ಅದರ ನೇರ ಅರ್ಥ. ಆದರೆ ಆ ಅರ್ಥದಲ್ಲಿ ಅದನ್ನು ಬಳಸುವವರನ್ನು ನಾನು ಕೇಳಿಯೇ ಇಲ್ಲ. ‘ಪರದೇಶಿ ಥರ ಯಾಕೆ ಕೂತಿದೀಯ?’ ‘ಪಾಪ, ಪರದೇಶಿ ಮಗು.’ ಅಂದರೆ ದಿಕ್ಕಿಲ್ಲದವನು, ಕೇಳುವವರಿಲ್ಲದವನು. ಇಂಗ್ಲಿಷಿನವರು ಹೊರಗಿನವನನ್ನು ನೋಡಿ ‘ಇವನು ವಿಚಿತ್ರ’ ಅಂದರು. ನಾವು ನೋಡಿ ‘ಇವನಿಗೆ ಯಾರೂ ಇಲ್ಲ’ ಅಂದೆವು. ನಮ್ಮದರಲ್ಲಿ ಕನಿಕರ ಇದೆ, ನಿಜ. ಆದರೆ ಬೈಯುವುದಕ್ಕೂ ಅದೇ ಪದ ಬಳಸುತ್ತೇವೆ. ನನ್ನ ಅಜ್ಜಿ ನನಗೆ ಸಿಟ್ಟಿನಲ್ಲಿ ಅಂದದ್ದೂ ಅದನ್ನೇ, ನಾನು ವಿಮಾನ ಹತ್ತುವ ಹಿಂದಿನ ದಿನ ಕಣ್ಣೀರು ಹಾಕುತ್ತಾ ಅಂದದ್ದೂ ಅದನ್ನೇ. ‘ಪರದೇಶಿ ಆಗಿ ಹೋಗ್ತೀಯಲ್ಲೇ.’

ಲ್ಯಾಟಿನ್ನಿನಲ್ಲಿ ಇದಕ್ಕಿಂತ ಕಠಿಣವಾದ ಒಂದು ತಿರುವು ಇದೆ. ಹೋಸ್ಟಿಸ್ ಎಂಬ ಪದ ರೋಮನ್ನರಿಗೆ ಮೊದಲು ‘ಹೊರಗಿನವನು’, ಆಮೇಲೆ ‘ಶತ್ರು’. ಇದನ್ನು ರೋಮಿನ ಲೇಖಕ ಸಿಸೆರೊ ತಾನೇ ಗಮನಿಸಿ ಬರೆದಿದ್ದಾನೆ. ಇಂಗ್ಲಿಷಿನ ಹಾಸ್ಟೈಲ್, ಅಂದರೆ ಹಗೆತನದ, ಅಲ್ಲಿಂದ ಬಂತು. ಅದೇ ಬೇರಿನ ಇನ್ನೊಂದು ಕೊಂಬೆ ಇಂಗ್ಲಿಷಿನಲ್ಲಿ ಗೆಸ್ಟ್ ಆಯಿತು, ಅಂದರೆ ಅತಿಥಿ. ಬಾಗಿಲು ತಟ್ಟಿದವನು ಒಬ್ಬನೇ. ಒಂದು ಮನೆಯಲ್ಲಿ ಊಟಕ್ಕೆ ಕೂರಿಸಿದರು, ಇನ್ನೊಂದರಲ್ಲಿ ಕತ್ತಿ ಹಿಡಿದರು.

ಈಗ ಹೇಳುವ ಪದದ ಬಗ್ಗೆ ನನಗೆ ವಿಶೇಷ ಪ್ರೀತಿ. ಅನ್‌ಕೂತ್. ಒರಟ, ನಡತೆ ಗೊತ್ತಿಲ್ಲದವನು ಎಂದು ಈಗಿನ ಅರ್ಥ. ಊಟದ ಮೇಜಿನಲ್ಲಿ ಸದ್ದು ಮಾಡಿ ಉಣ್ಣುವವನಿಗೆ ಹೇಳುವ ಮಾತು. ಇದರ ಹಳೆಯ ಅರ್ಥ ‘ಗೊತ್ತಿಲ್ಲದ, ಗುರುತಿಲ್ಲದ’. ಇಂಗ್ಲಿಷಿನ ‘ಅನ್’ ಮತ್ತು ಸಂಸ್ಕೃತದ ‘ಅ’ ಎರಡೂ ಒಂದೇ. ‘ಕೂತ್’ ಮತ್ತು ‘ಜ್ಞಾತ’ ಎರಡೂ ತಿಳಿಯುವುದು ಅನ್ನುವ ಒಂದೇ ಧಾತುವಿನಿಂದ ಬಂದವು. ಅಂದರೆ ಅನ್‌ಕೂತ್ ಮತ್ತು ಅಜ್ಞಾತ ತುಂಡಿಗೆ ತುಂಡು ಹೊಂದುವ ಒಂದೇ ಪದ. ಸಾವಿರಾರು ವರ್ಷ ಹಿಂದೆ ಬೇರೆಯಾದ ಅಣ್ಣ ತಮ್ಮಂದಿರು.

ಇದು ತಿಳಿದ ದಿನ ನಾನು ಯೋಚಿಸಿದ್ದು ಪಾಂಡವರ ಅಜ್ಞಾತವಾಸದ ಬಗ್ಗೆ. ವಿರಾಟನ ಅರಮನೆಯಲ್ಲಿ ಒಂದು ವರ್ಷ. ಭೀಮ ಅಡಿಗೆಯವನು, ದ್ರೌಪದಿ ರಾಣಿಯ ತಲೆ ಬಾಚುವ ಸೈರಂಧ್ರಿ. ಕೀಚಕ ಅವಳ ಮೇಲೆ ಕೈ ಮಾಡುವ ಧೈರ್ಯ ತೋರಿದ್ದು ಯಾಕೆ? ಅವಳು ಯಾರ ಪೈಕಿ ಅನ್ನುವುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗುರುತಿಲ್ಲದವಳು ಅಂದರೆ ಯಾರೂ ಇಲ್ಲದವಳು, ಯಾರೂ ಇಲ್ಲದವಳು ಅಂದರೆ ಏನು ಮಾಡಿದರೂ ನಡೆಯುತ್ತದೆ. ಇಂಗ್ಲಿಷಿನಲ್ಲಿ ಈ ಪದ ನಡೆದ ದಾರಿಯನ್ನು ಕೀಚಕನ ತಲೆ ಒಂದೇ ಕ್ಷಣದಲ್ಲಿ ನಡೆದಿತ್ತು. ‘ನನಗೆ ಇವಳ ಗುರುತಿಲ್ಲ’ ಅನ್ನುವುದು ನೋಡುವವನ ಕೊರತೆ. ಅದನ್ನು ಅವಳ ಕೊರತೆ ಮಾಡಿದ.

ಇದಕ್ಕೆ ತಿರುವುಮುರುವಾದ ಕಥೆ ಕ್ವೇಂಟ್ ಪದದ್ದು. ಹಳೆಯ ಕಾಲದ, ಮುದ್ದಾದ, ಸ್ವಲ್ಪ ಬೇರೆ ಥರದ್ದು ಎಂದು ಇವತ್ತಿನ ಅರ್ಥ. ಪ್ರವಾಸಿಗರು ಹಳ್ಳಿಗಳ ಬಗ್ಗೆ ಹೇಳುವ ಮಾತು. ಅದರ ಬೇರು ಲ್ಯಾಟಿನ್ನಿನ ಕೋಗ್ನಿಟುಸ್, ಅಂದರೆ ‘ತಿಳಿದ’. ಮತ್ತೆ ಅದೇ ‘ಜ್ಞಾ’. ತಿಳಿದ, ಜಾಣ, ಜಾಣತನದಿಂದ ಮಾಡಿದ, ಕುಸುರಿಯ, ವಿಚಿತ್ರವಾದ, ಮುದ್ದಾದ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ತಿಳಿದದ್ದೂ ತಿಳಿಯದ್ದೂ ಹೊರಟದ್ದು ಒಂದೇ ಬೇರಿನಿಂದ, ಎರಡೂ ಹೋಗಿ ನಿಂತದ್ದು ‘ನಮ್ಮಂತಲ್ಲ’ ಅನ್ನುವ ಕಡೆಗೆ. ನನ್ನ ಜೊತೆ ಓದುತ್ತಿದ್ದ ಒಬ್ಬರು ನಮ್ಮ ಊರಿನ ಮನೆಯ ಫೋಟೋ ನೋಡಿ ‘ಕ್ವೇಂಟ್’ ಅಂದಿದ್ದರು. ಮೆಚ್ಚಿಯೇ ಹೇಳಿದ್ದು. ಆ ಮನೆಯ ಹಂಚು ಮಳೆಗಾಲದಲ್ಲಿ ಎಲ್ಲೆಲ್ಲಿ ಸೋರುತ್ತದೆ, ಯಾವ ಪಾತ್ರೆ ಎಲ್ಲಿಡಬೇಕು ಅನ್ನುವುದು ನಮಗೆ ಕಣ್ಣು ಮುಚ್ಚಿದರೂ ಗೊತ್ತು. ನಮಗೆ ಅದು ಕೋಗ್ನಿಟುಸ್.

ಮಾತು ಕೇಳಿಯೇ ಹೊರಗಿನವನು ಎಂದು ಗುರುತಿಸುವುದು ಇನ್ನೊಂದು ಬಗೆ. ಗ್ರೀಕರಿಗೆ ಬೇರೆಯವರ ಮಾತು ಬರ್ ಬರ್ ಬರ್ ಎಂದು ಕೇಳುತ್ತಿತ್ತು. ಅದರಿಂದ ಬಾರ್ಬರೋಸ್ ಎಂಬ ಪದ ಹುಟ್ಟಿತು. ಇದು ಸದ್ದಿನಿಂದ ಹುಟ್ಟಿದ ಪದ ಎಂದು ಭೂಗೋಳ ಬರೆದ ಸ್ಟ್ರಾಬೊ ಎರಡು ಸಾವಿರ ವರ್ಷದ ಹಿಂದೆಯೇ ಹೇಳಿದ್ದಾನೆ. ಮೊದಲಿಗೆ ಅದರಲ್ಲಿ ಅಷ್ಟು ಕೇಡಿರಲಿಲ್ಲ. ಗ್ರೀಕ್ ಬಾರದವನು, ಅಷ್ಟೇ. ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ ಪರ್ಷಿಯನ್ನರ ಜೊತೆ ಯುದ್ಧಗಳಾದ ಮೇಲೆ ಅದಕ್ಕೆ ಕ್ರೂರಿ, ಸಂಸ್ಕಾರ ಇಲ್ಲದವನು ಎಂಬ ಬಣ್ಣ ಏರಿತು. ಈಜಿಪ್ಟಿನವರೂ ತಮ್ಮ ಭಾಷೆ ಆಡದವರಿಗೆಲ್ಲ ಬಾರ್ಬರೋಸ್ ಅನ್ನುತ್ತಾರೆ ಎಂದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಅಂದರೆ ಅವರ ಕಣ್ಣಲ್ಲಿ ಗ್ರೀಕರೂ ಅದೇ. ಇನ್ನೂ ಮುಂದೆ, ರೋಮಿನ ನಾಟಕಕಾರ ಪ್ಲಾಟಸ್ ಗ್ರೀಕ್ ನಾಟಕವೊಂದನ್ನು ಲ್ಯಾಟಿನ್ನಿಗೆ ತಂದಾಗ ‘ಬಾರ್ಬರ ಮಾತಿಗೆ ತಿರುಗಿಸಿದ್ದೇನೆ’ ಎಂಬ ಅರ್ಥದ ಮಾತು ಹೇಳಿಕೊಂಡ. ತಾನು ಬರೆಯುವ ನುಡಿಯನ್ನೇ ಗ್ರೀಕರ ಕಿವಿಯಿಂದ ಕೇಳಿದ. ಇದನ್ನು ಓದಿದಾಗ ನನಗೆ ಕಸಿವಿಸಿ ಆಯಿತು. ನಮ್ಮ ಕನ್ನಡವನ್ನು ನಾವೇ ‘ಲೋಕಲ್’ ಅನ್ನುತ್ತೇವಲ್ಲ.

ಸಂಸ್ಕೃತದಲ್ಲೂ ‘ಬರ್ಬರ’ ಇದೆ. ತೊದಲುವವನು, ಹೊರಗಿನವನು. ಕನ್ನಡ ಪತ್ರಿಕೆಗಳಲ್ಲಿ ಈಗ ಅದು ಹೆಚ್ಚಾಗಿ ಬರುವುದು ‘ಬರ್ಬರ ಹತ್ಯೆ’ ಎಂದು. ತೊದಲಿನಿಂದ ಕೊಲೆಯವರೆಗೆ. ಮ್ಲೇಚ್ಛ ಪದದ ಬೇರೂ ಅಂಥದ್ದೇ, ಅಸ್ಪಷ್ಟವಾಗಿ ಮಾತಾಡುವುದು. ಅಸುರರು ‘ಹೇ ಅರಯಃ’ (ಎಲೈ ಶತ್ರುಗಳೇ) ಎನ್ನುವ ಬದಲು ‘ಹೇಲಯೋ’ ಎಂದು ಕೂಗಿ ಸೋತರು ಎಂಬ ಹಳೆಯ ಕಥೆಯನ್ನು ವ್ಯಾಕರಣಕಾರ ಪತಂಜಲಿ, ವ್ಯಾಕರಣ ಯಾಕೆ ಕಲಿಯಬೇಕು ಎಂದು ಹೇಳುವಾಗ ನೆನೆಯುತ್ತಾನೆ. ರಕಾರದ ಜಾಗದಲ್ಲಿ ಲಕಾರ. ಅಷ್ಟಕ್ಕೇ ಒಂದು ಜನ ಸೋತರಂತೆ.

ಇಲ್ಲಿ ಕನ್ನಡಿಗರಿಗೆ ಒಂದು ನೇರ ಸಂಬಂಧ ಇದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಹಳೆಯ ಪಪೈರಸ್ ಹಾಳೆಗಳು ರಾಶಿ ರಾಶಿ ಸಿಕ್ಕಿದವು. ಅದರಲ್ಲಿ ಒಂದು ಗ್ರೀಕ್ ಪ್ರಹಸನ, ಕ್ರಿಸ್ತಶಕ 2ನೇ ಶತಮಾನದ ಬರಹ. 1903ರಲ್ಲಿ ಅಚ್ಚಾಯಿತು. ಕರಿಟಿಯಾನ್ ಎಂಬ ಗ್ರೀಕ್ ಹೆಣ್ಣು ಭಾರತದ ಕರಾವಳಿಯಲ್ಲಿ ಸಿಕ್ಕಿಬಿದ್ದಿದ್ದಾಳೆ. ಅವಳ ಕಡೆಯವರು ಅಲ್ಲಿನ ರಾಜನಿಗೂ ಅವನ ಜನರಿಗೂ ಹೆಂಡ ಕುಡಿಸಿ ಅವಳನ್ನು ಬಿಡಿಸಿಕೊಂಡು ಹಡಗು ಹತ್ತುತ್ತಾರೆ. ನಾಟಕದಲ್ಲಿ ಊರಿನವರು ಏನೋ ಒಂದು ಭಾಷೆ ಆಡುತ್ತಾರೆ. ಗ್ರೀಕ್ ಅಲ್ಲ, ಗ್ರೀಕ್ ಲಿಪಿಯಲ್ಲಿ ಬರೆದದ್ದು. ಅದು ಕನ್ನಡ ಎಂದು 1904ರಲ್ಲಿ ಶಾಸನತಜ್ಞ ಹುಲ್ಷ್ ವಾದಿಸಿದರು. ಆಮೇಲೆ ಆರ್. ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಅದರ ಹಿಂದೆ ಬಿದ್ದರು. ಎಲ್ಲರೂ ಒಪ್ಪಿಲ್ಲ. ಅದು ತುಳು ಎಂದವರಿದ್ದಾರೆ, ನಗಿಸಲು ಹಾಕಿದ ಅರ್ಥವಿಲ್ಲದ ಸದ್ದು ಎಂದವರೂ ಇದ್ದಾರೆ. ನನಗೆ ಆ ವಾದ ಮುಗಿಯಬೇಕು ಅಂತ ಇಲ್ಲ. ಗ್ರೀಕರ ಕಿವಿಗೆ ಬರ್ ಬರ್ ಎಂದು ಕೇಳಿದ ಆ ಮಾತಿನಲ್ಲಿ ಯಾರೋ ನೀರು ಕೇಳಿರಬಹುದು, ಯಾರೋ ಮಗನನ್ನು ಕರೆದಿರಬಹುದು. ಇನ್ನೊಂದು ದಡದಲ್ಲಿ ನಿಂತು ಕೇಳಿದರೆ ನಮ್ಮ ಮನೆಮಾತೂ ತೊದಲೇ.

ಇನ್ನು ವೆಲ್ಶ್. ಬ್ರಿಟನ್ನಿಗೆ ಆಂಗ್ಲರು, ಸ್ಯಾಕ್ಸನ್ನರು ಬರುವ ಮುಂಚೆಯೇ ಅಲ್ಲಿದ್ದ ಜನರಿಗೆ ಬಂದವರು ಇಟ್ಟ ಹೆಸರು ವೆಯಲ್ಹ್. ಅರ್ಥ ‘ಹೊರಗಿನವನು’. ಹೊರಗಿನಿಂದ ಬಂದವರು ಒಳಗಿದ್ದವರನ್ನು ಹೊರಗಿನವರು ಅಂದರು. ಆಮೇಲೆ ಅದೇ ಪದ ‘ಗುಲಾಮ’ ಎಂದೂ ಬಳಕೆಯಾಯಿತು. ಇವತ್ತಿನ ವೇಲ್ಸ್, ವೆಲ್ಶ್ ಎರಡೂ ಅದರಿಂದ ಬಂದವು. ಅವರು ತಮ್ಮನ್ನು ಕರೆದುಕೊಳ್ಳುವುದು ಕಮ್ರಿ ಎಂದು. ಅಂದರೆ ‘ಒಂದೇ ನಾಡಿನವರು’. ಈ ವೆಯಲ್ಹ್ ಹುಟ್ಟಿದ್ದು ವೋಲ್ಕೆ ಎಂಬ ಒಂದು ಕೆಲ್ಟಿಕ್ ಬುಡಕಟ್ಟಿನ ಹೆಸರಿನಿಂದ. ಆಂಗ್ಲರು, ಸ್ಯಾಕ್ಸನ್ನರು ಸೇರಿದ್ದ ಜರ್ಮನಿಕ್ ಜನರಿಗೆ ಪಕ್ಕದಲ್ಲಿದ್ದದ್ದು ಆ ಬುಡಕಟ್ಟು. ಒಂದು ಬುಡಕಟ್ಟಿನ ಹೆಸರನ್ನು ಎಲ್ಲ ಕೆಲ್ಟರಿಗೂ, ಆಮೇಲೆ ರೋಮನ್ನರಿಗೂ ಹಚ್ಚಿದರು. ವಾಲ್‌ನಟ್ ಅಂದರೆ ಹೊರಗಿನವರ ಕಾಯಿ. ನಮ್ಮ ಪರಂಗಿ ಹಣ್ಣಿನ ಹಾಗೆ. ಫ್ರಾಂಕ್ ಎಂಬ ಒಂದು ಜನದ ಹೆಸರು ಅರಬರ ಬಾಯಲ್ಲಿ ಎಲ್ಲ ಯುರೋಪಿನವರಿಗೂ ಆಗಿ, ಫರಂಗಿಯಾಗಿ, ಕೊನೆಗೆ ನಮ್ಮ ಹಿತ್ತಿಲಿಗೆ ಬಂದು ಪರಂಗಿ ಹಣ್ಣಾಯಿತು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆ ಬದನೆಕಾಯಿ, ಸೀಮೆ ಹಸು, ಇವೆಲ್ಲವೂ ಆ ಥರದವೇ. ಹೊರಗಿನ ವಸ್ತುಗಳಿಗೆ ಒಂದು ಪದ ಅಂಟಿಸಿ ಒಳಗೆ ಬಿಟ್ಟುಕೊಂಡೆವು. ಈಗ ಸೀಮೆ ಬದನೆಕಾಯಿ ಪಲ್ಯ ಮಾಡುವಾಗ ಯಾರಿಗೂ ಅದು ಪರದೇಶದ್ದು ಅನ್ನಿಸುವುದಿಲ್ಲ. ಜನರಿಗೆ ಇಷ್ಟು ಸುಲಭವಾಗಿ ದಾರಿ ಬಿಡುವುದಿಲ್ಲ.

ದೆಹಲಿಯಲ್ಲಿ ಎರಡು ವರ್ಷ ಇದ್ದಾಗ ನಾನು ‘ಮದ್ರಾಸಿ’ ಆಗಿದ್ದೆ. ಮದ್ರಾಸನ್ನು ಆಗ ನಾನು ನೋಡಿಯೇ ಇರಲಿಲ್ಲ. ಒಂದು ಊರಿನ ಹೆಸರನ್ನು ಇಡೀ ದಕ್ಷಿಣಕ್ಕೆ ಹಚ್ಚುವುದು ವೆಯಲ್ಹ್ ಎಂದು ಕರೆದದ್ದಕ್ಕಿಂತ ಬೇರೆ ಅಲ್ಲ. ಪ್ರತಿ ಸಲವೂ ತಿದ್ದುತ್ತಿದ್ದೆ. ತಿದ್ದಿ ತಿದ್ದಿ ಸುಸ್ತಾಗಿ ಕೊನೆಗೆ ಬಿಟ್ಟೆ.

ಎಕ್ಸಾಟಿಕ್ ಬಗ್ಗೆ ನನಗೆ ಹೆಚ್ಚು ಹೇಳುವುದೇನಿಲ್ಲ. ಗ್ರೀಕಿನಲ್ಲಿ ‘ಹೊರಗಿನ’ ಎಂದೇ. ಅಂಗಡಿಯಲ್ಲಿ ಬ್ರೊಕೊಲಿಯ ಮೇಲೆ ಅದು ಕೂತರೆ ಬೆಲೆ ಜಾಸ್ತಿ, ಮನುಷ್ಯರ ಮೇಲೆ ಕೂತರೆ ಮಾತ್ರ ನನಗೆ ಇಷ್ಟ ಆಗುವುದಿಲ್ಲ. ಈಗ ‘ವಿಚಿತ್ರ’ ಎಂಬ ಅರ್ಥದ ವಿಯರ್ಡ್ ಮೊದಲು ‘ವಿಧಿ’ ಎಂಬ ಅರ್ಥದ ನಾಮಪದ. ನಮ್ಮ ವರ್ತನೆ, ವರ್ತಮಾನ ಪದಗಳ ದೂರದ ನೆಂಟ. ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕದ ಮೂವರು ಮಾಟಗಾತಿಯರು ಆ ಹಳೆಯ ಅರ್ಥದಲ್ಲಿ ವಿಯರ್ಡ್, ಅಂದರೆ ವಿಧಿಯ ಕಡೆಯವರು.

ಆಡ್ ಪದದ ಹತ್ತಿರ ಮಾತ್ರ ಸ್ವಲ್ಪ ನಿಲ್ಲಬೇಕು. ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯ ಒಡ್ಡಿ, ಅಂದರೆ ಚೂಪಾದ ತುದಿ. ತ್ರಿಕೋನಕ್ಕೆ ಎರಡು ಮೂಲೆ ಕೆಳಗೆ, ಒಂದು ತುದಿ ಮೇಲೆ. ಜೋಡಿಗೆ ಸೇರದ ಮೂರನೆಯದು. ಅದರಿಂದ ಬೆಸ ಸಂಖ್ಯೆ, ಅದರಿಂದ ಗುಂಪಿಗೆ ಸೇರದ ಮನುಷ್ಯ. ಕನ್ನಡದಲ್ಲಿ ಬೆಸದ ಎದುರು ಪದ ‘ಸರಿ’. ಎರಡರಿಂದ ಭಾಗವಾಗುವ ಸಂಖ್ಯೆ ಸರಿ, ತಪ್ಪಿಲ್ಲದ್ದೂ ಸರಿ. ಹಾಗಾದರೆ ಬೆಸ ಅಂದರೆ ತಪ್ಪೇ ಎಂದು ಚಿಕ್ಕವಳಿದ್ದಾಗ ಮೇಷ್ಟ್ರನ್ನು ಕೇಳಿದ್ದೆ. ಈಗ ಅದಕ್ಕೆ ನಾರ್ಸ್ ಭಾಷೆಯಿಂದ ಉತ್ತರ ಸಿಕ್ಕಿದೆ. ಅಲ್ಲಿ ಇಬ್ಬರ ಜಗಳ ಬಗೆಹರಿಯದಿದ್ದಾಗ ಕೊನೆಯ ಮತ ಹಾಕುವ ಮೂರನೆಯವನಿಗೆ ‘ಒಡ್ಡ ಮನುಷ್ಯ’ ಎನ್ನುತ್ತಿದ್ದರು. ಅವನು ಬೆಸ ಆಗಿರುವುದರಿಂದಲೇ ತೀರ್ಮಾನ ಆಗುತ್ತಿತ್ತು.

ಈಗ ನಾನು ಬೆಂಗಳೂರಿನಲ್ಲಿದ್ದೇನೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೆಲಸ ಮಾಡುವವರನ್ನು ಎಲ್ಲರೂ ‘ಹಿಂದಿಯವರು’ ಅನ್ನುತ್ತಾರೆ. ಕಾವಲಿನವರು ಅಸ್ಸಾಮಿನವರು, ಲಿಫ್ಟ್ ರಿಪೇರಿಯ ಹುಡುಗ ಒಡಿಶಾದವನು, ಎಲ್ಲರೂ ಹಿಂದಿಯವರೇ. ನಾನೂ ಹಾಗೇ ಅನ್ನುತ್ತಿದ್ದೆ. ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆ ಜಾರ್ಖಂಡಿನ ದುಮ್ಕಾ ಕಡೆಯವಳು. ಒಂದೂವರೆ ವರ್ಷದಿಂದ ಬರುತ್ತಿದ್ದಾಳೆ. ಮೊದಲ ತಿಂಗಳು ನನ್ನ ಮುರುಕು ಹಿಂದಿಯಲ್ಲೇ ಮಾತು. ಒಂದು ದಿನ ಫೋನಿನಲ್ಲಿ ಊರಿನವರ ಜೊತೆ ಆಡುತ್ತಿದ್ದ ಮಾತು ಕಿವಿಗೆ ಬಿತ್ತು. ಹಿಂದಿಯ ಒಂದು ಪದವೂ ಅದರಲ್ಲಿ ಇದ್ದಂತೆ ಕಾಣಲಿಲ್ಲ. ಕೇಳಿದೆ. ‘ಸಂತಾಲಿ’ ಅಂದಳು. ಹಿಂದಿ ಆಕೆಗೂ ಕಲಿತ ಭಾಷೆಯೇ, ನನ್ನ ಹಾಗೆ. ಸಂತಾಲಿಗೆ ತನ್ನದೇ ಲಿಪಿ ಇದೆ, 2003ರ ತಿದ್ದುಪಡಿಯಿಂದ ಸಂವಿಧಾನದ 8ನೇ ಪರಿಚ್ಛೇದದಲ್ಲಿ ಜಾಗ ಇದೆ. ಇಷ್ಟು ದಿನ ಆಕೆಯನ್ನು ಹಿಂದಿಯವಳು ಅನ್ನುತ್ತಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು. ದೆಹಲಿಯ ಆ ಎರಡು ವರ್ಷ ನನಗೆ ಇಷ್ಟೂ ಕಲಿಸಿರಲಿಲ್ಲ.

ಹೋದ ವಾರ ಕಾಫಿ ಕುಡಿಯುತ್ತಾ ಕೂತಿದ್ದಾಗ ನನ್ನ ನೋಟ್‌ಬುಕ್ ತೆಗೆದು ಆಕೆಗೆ ತೋರಿಸಿದೆ. ಇಂಥ ಪದ ನಿಮ್ಮಲ್ಲೂ ಇದೆಯಾ ಎಂದು ಕೇಳಿದೆ.

‘ಇದೆ ಅಕ್ಕ. ದಿಕು.’

ಸಂತಾಲರು, ಮುಂಡರು ಜಮೀನ್ದಾರರಿಗೆ, ಬಡ್ಡಿ ಸಾಹುಕಾರರಿಗೆ, ಬಯಲಿನಿಂದ ತಮ್ಮ ನೆಲಕ್ಕೆ ಬಂದವರಿಗೆಲ್ಲ ಬಳಸುವ ಪದ ಅದು. 1855ರ ಸಂತಾಲರ ದಂಗೆ ಎದ್ದದ್ದು ದಿಕುಗಳ ಮೇಲೆ, ಅವರ ಬೆನ್ನಿಗೆ ನಿಂತ ಕಂಪನಿ ಸರ್ಕಾರದ ಮೇಲೆ.

‘ಹಾಗಾದ್ರೆ ನಾನು?’

ಆಕೆ ಸ್ವಲ್ಪ ಯೋಚಿಸಿದಳು. ‘ನಮ್ಮೂರಿಗೆ ಬಂದ್ರೆ ನೀವೂ ದಿಕುನೇ ಅಕ್ಕ.’ ಯಾವ ಮುಲಾಜೂ ಇಲ್ಲದೆ, ಇರುವುದನ್ನು ಇದ್ದ ಹಾಗೆ ಹೇಳಿದಳು. ನನಗೆ ಅದು ಇಷ್ಟವಾಯಿತು.

ಪದವನ್ನು ಎಡಗಡೆ ಬರೆದುಕೊಂಡೆ. ಬಲಗಡೆ ಏನು ಬರೆಯಲಿ ಎಂದು ಕೇಳಿದೆ. ಹಿಂದಿಯಲ್ಲಿ ಏನೋ ಹೇಳುತ್ತಾಳೆ, ಅದನ್ನು ನಾನು ಕನ್ನಡ ಮಾಡಿಕೊಳ್ಳಬೇಕು ಎಂದುಕೊಂಡಿದ್ದೆ. ಆಕೆ ಲೋಟ ಕೆಳಗಿಟ್ಟು, ‘ಹೊರಗಿನವರು ಅಂತ ಬರೀರಿ’ ಅಂದಳು.